ರೊಟ್ಟಿಗೆ ನೀರು ಯಾಕೆ ಹಚ್ಚಬೇಕು?

ವಿಜ್ಞಾನದ ಮಾಸ್ತರನಾಗಿ ನನಗೊಂದು ಜಂಬವಿತ್ತು: ನನ್ನ ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಎಲ್ಲರಿಗೂ ಎಲ್ಲ ತಿಳಿದುಬಿಟ್ಟಿದೆ ಎಂದೇ ನಂಬಿಕೊಂಡಿದ್ದೆ. ಧಾರವಾಡದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಹಳ್ಳಿ ಶಾಲೆ, ಏಳನೇ ತರಗತಿ, ಆವಿಯ ಪಾಠ. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಯಾಕ ಹಚ್ಚತಾರ್ರಿ?"

"ಅದು ಪರೀಕ್ಷಾದಾಗ ಬರೂದಿಲ್ಲ. ಕುಂಡ್ರು."

ಕುಳಿತಳು. ವಾರವಾದರೂ ತಲೆ ಎತ್ತಲಿಲ್ಲ.

ನಿಜವೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಕೊನೆಗೆ ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಯನ್ನು ಕೇಳಿದೆ.

"ಉಣ್ಣೂದು ಬಿಟ್ಟು ಇದೇನು ಪ್ರಶ್ನಿ ಹಚ್ಚೀರಿ? ಹಚ್ಚಬೇಕು, ಹಚ್ಚತೇವಿ. ಸುಮ್ನ ಉಣ್ರಿ."

ಬಾಯಿ ಮುಚ್ಚಿಸಿಕೊಂಡರೆ ಹೇಗಾಗುತ್ತದೆಂದು ಆಗ ತಿಳಿಯಿತು. ನಾಚಿಕೆಯಾಯಿತು. ಆ ಹುಡುಗಿ ಇನ್ನೆಂದೂ ಏನನ್ನೂ ಕೇಳದಿದ್ದರೆ ತಪ್ಪು ನನ್ನದೇ.

ಮರುದಿನ ಇಡೀ ತರಗತಿಯನ್ನು ಬಿಸಿಯೂಟದ ಅಡುಗೆಮನೆಗೆ ಕರೆದೊಯ್ದೆ. ಮೊದಲು ಊಹೆ ಹೇಳಿ ಎಂದೆ. "ಹಿಟ್ಟು ತೊಳೀಲಿಕ್ಕೆ" ಎಂದ ಒಬ್ಬ. "ನಮ್ಮವ್ವ ಹಚ್ಚತಾಳ, ಅದಕ್ಕ" ಎಂದ ಇನ್ನೊಬ್ಬ, ಅದರಾಚೆ ಮಾತೇ ಇಲ್ಲವೆಂಬಂತೆ. ಆ ಹುಡುಗಿ ಎಲ್ಲರ ಹಿಂದೆ ನಿಂತು ಹಂಚನ್ನೇ ನೋಡುತ್ತಿದ್ದಳು.

ಅಡುಗೆಯ ಅಕ್ಕ ಒಂದು ರೊಟ್ಟಿ ಬಡಿದು, ನೀರು ಹಚ್ಚಿ ಬೇಯಿಸಿದರು. ಉಬ್ಬಿತು. ನೀರು ಹಚ್ಚದ ರೊಟ್ಟಿಯನ್ನು ನಾನೇ ಬಡಿದೆ. ಅದು ನಾಲ್ಕು ಕಡೆ ಒಡೆದು ಹಂಚಿಗೆ ಅಂಟಿಕೊಂಡಿತು. "ನೋಡಿದ್ರೇನು? ನೀರು ಬೇಕ ಬೇಕು" ಎಂದು ತೀರ್ಪು ಕೊಟ್ಟೆ.

ಹಿಂದಿನಿಂದ ಸಣ್ಣ ದನಿ ಬಂತು. "ಸರ್, ಒಂದು ಅಕ್ಕಾರು ಬಡದಾರ, ಒಂದು ನೀವು. ತಪ್ಪು ನೀರಿಂದೋ, ನಿಮ್ಮ ಕೈದೋ, ಹೆಂಗ ಗೊತ್ತಾಗಬೇಕ್ರಿ?"

ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಮೂಗಿನ ತುದಿಗೆ ಸಿಟ್ಟು ಬಂತು, ಬೆನ್ನಿಗೇ ಹೇಳಲಾರದಷ್ಟು ಖುಷಿಯೂ. ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಬೇಕೆಂದು ವರ್ಷಗಟ್ಟಲೆ ನೋಟ್ಸ್ ಬರೆಸಿದವನು ನಾನು. ಅದನ್ನು ಅರ್ಥ ಮಾಡಿಕೊಂಡವಳು ಅವಳು.

ಈ ಸಲ ಎರಡನ್ನೂ ಅಕ್ಕನೇ ಬಡಿದರು. ನೀರು ಹಚ್ಚದ ರೊಟ್ಟಿಯ ಮೈ ಒಣಗಿ ಬಿರಿಯಿತು, ಆವಿ ಬಿರುಕಿನಿಂದ ಹೊರಟುಹೋಯಿತು. ಹಚ್ಚಿದ್ದು ಆವಿಯನ್ನು ಒಳಗೇ ಹಿಡಿದು ಉಬ್ಬಿತು. ನಾನು ಬಾಯಿ ತೆರೆಯುವ ಮೊದಲೇ ಮಕ್ಕಳು ಕಾರಣ ಕೂಗಿ ಹೇಳಿದರು.

ಗದ್ದಲದ ನಡುವೆ ಅವಳು ಹತ್ತಿರ ಬಂದಳು. "ಸರ್, ನಿಮಗ ಇದು ಮೊದಲ ಗೊತ್ತಿತ್ತೇನ್ರಿ?"

"ಇಲ್ಲ ತಂಗಿ. ಖರೇನ ಗೊತ್ತಿರಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು.

"ಹಂಗಾರ ಇನ್ನೊಂದು ಕೇಳ್ಲೇನ್ರಿ?"