ಹೆಗಲು ತಟ್ಟಿ ಮಾತಾಡುವವರು

ಲಕ್ಕಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಾನು ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುತ್ತೇನೆ. ಎಂಟು ಪವರ್‌ಲೂಮ್ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಹನ್ನೆರಡು ವರ್ಷ ಕಳೆದು ಕಿವಿ ಅರ್ಧ ಹೋಗಿದೆ, ಗಂಟಲು ದೊಡ್ಡದಾಗಿದೆ. ಅಲ್ಲಿ ಯಾರನ್ನು ಕೂಗಿದರೂ ಕೇಳುವುದಿಲ್ಲ. ಹತ್ತಿರ ಹೋಗಿ ಹೆಗಲು ತಟ್ಟಬೇಕು, ಅವರು ತಿರುಗಿದ ಮೇಲೆ ಬಾಯಿ ಅಗಲಿಸಿ ಮಾತಾಡಬೇಕು. ಶಾಲೆ ಬಿಟ್ಟು ನೇರ ಶೆಡ್ಡಿಗೇ ಬರುವ ನನ್ನ ಮಗಳು ರಂಜಿತಳೂ ಹಾಗೇ ಕಲಿತಳು. ಮನೆಯಲ್ಲೂ ನನ್ನ ಹೆಗಲಿಗೆ ಎರಡು ಏಟು ಕೊಟ್ಟೇ ಅವಳ ಮಾತು ಶುರು.

ಈ ಬೇಸಿಗೆಯಲ್ಲಿ ಶಾಲೆಯವರು ಮಾಕಳಿದುರ್ಗದ ಬುಡದಲ್ಲಿ ಹತ್ತು ದಿನದ ಶಿಬಿರ ಇಟ್ಟರು. ಒಂಬತ್ತು ವರ್ಷದ ಹುಡುಗಿ, ಒಂದು ರಾತ್ರಿಯೂ ನನ್ನನ್ನು ಬಿಟ್ಟು ಮಲಗಿದವಳಲ್ಲ. ಆರನೆಯ ದಿನ ಭಾನುವಾರ, ತಂದೆತಾಯಿ ಬಂದು ನೋಡಬಹುದೆಂದರು. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿರುತ್ತಾಳೆ ಎಂದುಕೊಂಡು ನಿಪ್ಪಟ್ಟಿನ ಡಬ್ಬಿ ಹಿಡಿದು ಮೊದಲ ಬಸ್ಸಿಗೇ ಹೋದೆ.

ಎಲ್ಲಿಯ ಅಳು? ಅಡುಗೆಮನೆಯ ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಎರಡು ಜಡೆ, ಮೇಲೆ ಕನಕಾಂಬರ. ನಾನು ಬಾಚಣಿಗೆ ಹಿಡಿದರೆ ಬೀದಿಗೆ ಓಡುವ ಹುಡುಗಿ ಇವಳು.

"ಯಾರೇ ಜಡೆ ಹಾಕಿದ್ದು?"

"ಲಕ್ಕಜ್ಜಿ. ಅಡುಗೆ ಮಾಡೋರು. ತಾಳು, ತೋರಿಸ್ತೀನಿ."

ಒಲೆಯ ಮುಂದೆ ನಿಂತಿದ್ದ ಮುದುಕಿಯ ಹತ್ತಿರ ಹೋಗಿ ಹೆಗಲಿಗೆ ಎರಡು ಏಟು ಕೊಟ್ಟಳು. ಮುದುಕಿ ತಿರುಗಿದ ಮೇಲೆ ಬಾಯಿ ಅಗಲಿಸಿ, "ಅಜ್ಜಿ, ನಮ್ಮಮ್ಮ ಬಂದವ್ಳೆ" ಎಂದಳು.

ಜಡೆಯನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಆ ಎರಡು ಏಟು ನನ್ನವು.

"ಏನಜ್ಜಿ, ಆರೇ ದಿನಕ್ಕೆ ನನ್ ಮಗೂಗೆ ಏನ್ ಮಾಡ್ಬಿಟ್ಟೆ?" ಎಂದೆ. ನನ್ನ ಗಂಟಲಿಗೆ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲಕ್ಕಮ್ಮ ನಕ್ಕಳು.

"ನಾನೇನ್ ಮಾಡ್ಲಿ ತಾಯಿ? ಇಪ್ಪತ್ತೈದು ವರ್ಷ ಮಗ್ಗ ಓಡ್ಸಿದೀನಿ, ಕಿವಿ ಕೇಳ್ಸಲ್ಲ. ಮೊದಲ್ನೇ ರಾತ್ರಿ ಇವ್ಳು ಒಂದೇ ಸಮ ಅಳ್ತಿದ್ಲು. ಯಾಕೇ ಅಳ್ತೀಯಾ ಅಂದೆ. ನಂದೂ ನಿನ್ ಥರಾನೇ ಗಂಟ್ಲು ನೋಡು, ಉಳಿದ ಮಕ್ಳೆಲ್ಲ ಬೆಚ್ಚಿಬಿದ್ವು. ಇವ್ಳು ಮಾತ್ರ ಅಳು ನಿಲ್ಸಿ ಪಕ್ಕದಲ್ಲಿ ಬಂದು ಮಲಕ್ಕೊಂಡ್ಲು."

ರಂಜಿತ ನನ್ನ ಹೆಗಲು ತಟ್ಟಿದಳು. ತಿರುಗಿದೆ.

"ಕಣ್ಮುಚ್ಕೊಂಡ್ರೆ ನೀನೇ ಬೈದಂಗಿತ್ತಮ್ಮ."

ಸಿಟ್ಟು ಇಳಿಯಿತು, ಕಿಚ್ಚು ಇಳಿಯಲಿಲ್ಲ. ಇನ್ನೂ ನಾಲ್ಕು ರಾತ್ರಿ ಬಾಕಿಯಿತ್ತು. ಸಂಜೆ ಹೊರಡುವಾಗ ಮತ್ತೆ ಅಡುಗೆಮನೆಗೆ ಹೋಗಿ ಲಕ್ಕಮ್ಮನ ಹೆಗಲು ತಟ್ಟಿದೆ. ಉಳಿದ ನಿಪ್ಪಟ್ಟು ಕೈಗಿಟ್ಟು, ಮುಖ ನೋಡಿ ಹೇಳಿದೆ.

"ಬೆಳಗಿನ ಜಾವ ಹೊದಿಕೆ ಒದ್ದು ಹಾಕ್ತಾಳೆ. ಸ್ವಲ್ಪ ನೋಡ್ಕೊ ಅಜ್ಜಿ."

"ಗೊತ್ತು ಕಣಮ್ಮ" ಎಂದಳು ಲಕ್ಕಮ್ಮ. "ದಿನಾ ನಾನೇ ಹೊದಿಸ್ತೀನಿ."

ಗೊತ್ತಂತೆ.