ಏಳನೆಯ ಐಟಂ

ನಮ್ಮ ಮನೆಯಲ್ಲಿ ನನಗೆ ಚಹಾ ಕೊಟ್ಟ ಮೇಲೆ ಹೆಂಡತಿ ಕೂಡಲೇ ಒಳಗೆ ಹೋಗುವುದಿಲ್ಲ; ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ನಿಂತು, ನಾನು ಮೊದಲ ಗುಟುಕು ಇಳಿಸುವುದನ್ನೇ ನೋಡುತ್ತಿದ್ದು, ಆಮೇಲೆ ಕೇಳುತ್ತಾಳೆ: "ಎಷ್ಟ ಕೊಟ್ರಿ ಇವತ್ತ?" ನಾನು ಹತ್ತಕ್ಕೆ ಆರು ಎನ್ನುತ್ತೇನೆ, ಏಳು ಎನ್ನುತ್ತೇನೆ, ಹಾಲು ಚೆನ್ನಾಗಿ ಕುದಿದ ದಿನ ಏಳೂವರೆಯವರೆಗೂ ಏರುತ್ತೇನೆ. "ಎಂಟಕ್ಕ ಏನ ಹಾಕಬೇಕ್ರಿ, ಬಂಗಾರದ ಪುಡಿ?" ಎಂದು ಅವಳು ಒಳಗೆ ಹೋಗುತ್ತಾಳೆ. ಈ ತಮಾಷೆ ನಮ್ಮ ಮದುವೆಯಷ್ಟೇ ಹಳೆಯದು. ಹಳೆಯ ತಮಾಷೆಗಳಿಗೆ ಹಲ್ಲು ಉದುರಿರುತ್ತವೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಇದು ಈಗಲೂ ಕಚ್ಚುತ್ತದೆ.

ಅಂಕ ಕೊಡುವುದು ನನ್ನ ಚಟ. ಮದುವೆಯಲ್ಲಿ ಭಟ್ಟರ ಕಂಠಕ್ಕೆ, ಬಸ್ಸಿನಲ್ಲಿ ಡ್ರೈವರನ ತಿರುವಿಗೆ, ಸತ್ತವರ ಮನೆಯ ಅಂಗಳದಲ್ಲಿ ಯಾರ ಅಳು ಹೊಟ್ಟೆಯಿಂದ ಬಂತು, ಯಾರದು ಗಂಟಲಿನಲ್ಲೇ ಹುಟ್ಟಿ ಅಲ್ಲೇ ತೀರಿತು ಎಂಬುದಕ್ಕೆ ಕೂಡ, ಬೇಡವೆಂದರೂ ಒಳಗೊಂದು ಸೀಸದಕಡ್ಡಿ ಗೀರುತ್ತಲೇ ಇರುತ್ತದೆ. ಕೇಳಿದವರಿಗೆ ನಾನು ಇದು ಹುಟ್ಟುಗುಣ ಎಂದು ಹೇಳಿ ನಗುತ್ತೇನೆ. ಅದು ಹುಟ್ಟುಗುಣವಲ್ಲ, ನೌಕರಿ. ನೌಕರಿ ಬಿಟ್ಟ ಮೇಲೂ ಮೈಯಲ್ಲಿ ಉಳಿದದ್ದು.

ಐವತ್ತರ ದಶಕದ ನಡುವೆ, ಮೆಟ್ರಿಕ್ ಮುಗಿಸಿ, ಗಜೇಂದ್ರಗಡದ ನಮ್ಮ ಮನೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡಲು ಒಲ್ಲದೆ, ನಾನೊಂದು ನಾಟಕ ಕಂಪನಿಯಲ್ಲಿ ಕಾರಕೂನನಾಗಿ ಸೇರಿದೆ. ಸಿನಿಮಾ ಬಂದು ನಾಟಕದ ಜನರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತಿದ್ದ ಕಾಲ. ಗದಗಿನಲ್ಲಿ ಕೂತಿದ್ದ ಮಾಲಕರು ಯೋಚಿಸಿ ಯೋಚಿಸಿ, ಆರು ತಾಸಿನ ಪೌರಾಣಿಕ ನಾಟಕವನ್ನು ಪೆಟ್ಟಿಗೆಗೆ ಹಾಕಿ, ಒಂದೇ ಟಿಕೀಟಿಗೆ ಹತ್ತು ಬಗೆಯ ಮನರಂಜನೆ ತೋರಿಸುವ ಹೊಸ ಉಪಾಯ ಹೂಡಿದರು. ಗುಲಾಬಿ ಕಾಗದದ ಮೇಲೆ ಹತ್ತು ಐಟಂಗಳು ಅಚ್ಚಾದವು: ಅರ್ಧ ಮೈಗೆ ಸೀರೆ, ಅರ್ಧ ಮೈಗೆ ಧೋತರ ಉಟ್ಟು ಒಬ್ಬನೇ ಗಂಡಹೆಂಡಿರ ಜಗಳವಾಡುವವನು, ಹಲ್ಲಿನಿಂದ ಕಬ್ಬಿಣದ ಮಂಚ ಎತ್ತುವವನು, ಮೂಗಿನಿಂದ ಕೊಳಲೂದುವವನು, ಸೈಕಲ್ಲಿನ ಮೇಲೆ ತಿರುಗಾಮುರುಗಾ ಕೂತು ರಂಗವನ್ನೆಲ್ಲ ಸುತ್ತುವ ಅಣ್ಣತಂಗಿ, ಹೀಗೆ. ಏಳನೆಯದರ ಮುಂದೆ ಬರೀ "ನಾನಾ ಧ್ವನಿ" ಎಂದಿತ್ತು. ಅದು ಮಲ್ಲವ್ವನದು.

ನನ್ನ ಕೆಲಸ ಮೂರನೆಯ ಸಾಲಿನ ತುದಿಯಲ್ಲಿ ಕೂತು ವರದಿ ತುಂಬುವುದು. ಮಾಲಕರು ಅದಕ್ಕೆಂದೇ ಫಾರಂ ಅಚ್ಚು ಹಾಕಿಸಿದ್ದರು. ಐಟಮ್ಮಿನ ಹೆಸರು, ಹಿಡಿದ ವೇಳೆ, ಚಪ್ಪಾಳೆ, ನಗು, ವನ್ಸ್ ಮೋರ್, ಎದ್ದು ಹೋದವರು, ಕೊನೆಗೆ ಷರಾ. ರೋಣದ ಮೊದಲ ಆಟದ ದಿನವೇ ನನಗೆ ಆ ಷರಾದ ಕಲಮ್ಮಿನ ಮೇಲೆ ಪ್ರೀತಿ ಹುಟ್ಟಿತು. ಮಂಚ ಎತ್ತುವವನ ಬಗ್ಗೆ, ಚಪ್ಪಾಳೆ ಜೋರಾದರೂ ವನ್ಸ್ ಮೋರ್ ಬರಲಿಲ್ಲ, ಏಕೆಂದರೆ ಜನರಿಗೆ ಅವನ ಹಲ್ಲಿನ ಮೇಲೆ ಮರುಕ ಬಂತು ಎಂದು ಬರೆದೆ. ಕೊಳಲಿನವನ ಬಗ್ಗೆ, ಇವನು ಬಾಯಿಂದ ಊದಿದರೂ ಇಷ್ಟೇ ಎಂದು ಬರೆದೆ. ಜಗಳದವನ ಸೀರೆಯ ಮಗ್ಗುಲು ಧೋತರದ ಮಗ್ಗುಲಿಗಿಂತ ಚಲೋ ಜಗಳವಾಡುತ್ತದೆ, ಪಕ್ಕದ ಸವಡಿ ಊರಿಂದ ಬಂದ ಹೆಣ್ಣುಮಕ್ಕಳು ಆ ಕಡೆಗೇ ಸರಿದು ಕೂತಿದ್ದರು ಎಂದು ಬರೆದೆ. ಕಲಂ ಸಾಲದೆ ಅಂಚಿನಲ್ಲೂ ಬರೆದೆ.

ನರಗುಂದಕ್ಕೆ ಹೋಗುವಷ್ಟರಲ್ಲಿ ಮಾಲಕರ ಕಾರ್ಡು ಬಂತು. ನೀನು ಕಾರಕೂನನೋ ಪುರಾಣಿಕನೋ ಎಂದು ಅದರಲ್ಲಿ ಕೇಳಿತ್ತು. ಜನ ಏನು ಮಾಡಿದರೆಂಬುದಷ್ಟೇ ನಿನಗೆ ಸೇರಿದ್ದು, ಏಕೆ ಮಾಡಿದರೆಂಬುದು ನನಗೆ ಸೇರಿದ್ದು. ಇನ್ನು ಮೇಲೆ ಷರಾ ಖಾಲಿ ಇರಲಿ. ಗಜೇಂದ್ರಗಡದ ಆಟಗಳಾದ ಮೇಲೆ ಕಂಪನಿ ಹುಬ್ಬಳ್ಳಿಗೆ ಹೋಗುತ್ತದೆ, ಅಲ್ಲಿಗೆ ಏಳೇ ಐಟಂ ಸಾಕು, ಮೂರು ಯಾವುವು ಬಿಡಬೇಕೆಂಬುದನ್ನು ವರದಿ ನೋಡಿ ತಿಳಿಸುತ್ತೇನೆ ಎಂದೂ ಇತ್ತು. ಕಂಪನಿಯ ಜೊತೆ ಊರೂರು ತಿರುಗುತ್ತಿದ್ದ ಮ್ಯಾನೇಜರು ಆ ಕಾರ್ಡನ್ನು ಎಲ್ಲರೆದುರು ಓದಿದರು. ಅಂದಿನಿಂದ ಮಂಚ ಎತ್ತುವವನು ನನಗೆ ನಮಸ್ಕಾರ ಹೇಳತೊಡಗಿದ. ಆ ನಮಸ್ಕಾರ ನನಗೆ ಇಷ್ಟವಾಯಿತು ಎಂಬುದನ್ನು ಇಲ್ಲಿ ಸೇರಿಸಬೇಕು, ಏಕೆಂದರೆ ಈ ಕಥೆಯನ್ನು ಹೇಳುವಾಗೆಲ್ಲ ನಾನು ಅದನ್ನು ಬಿಡುತ್ತಾ ಬಂದಿದ್ದೇನೆ.

ಮಲ್ಲವ್ವನಿಗೆ ಆಗ ನಲವತ್ತೈದರ ಸುಮಾರು. ಹೊಳೆದಂಡೆಯ ಮೆಣಸಗಿಯವಳು. ಗಂಡನ ಮನೆ ಬಿಟ್ಟು ಕಂಪನಿ ಸೇರಿ, ಇಪ್ಪತ್ತು ವರ್ಷ ರಾಣಿಯರ ಹಿಂದೆ ದಾಸಿಯಾಗಿ ಚಾಮರ ಬೀಸಿದವಳು. ನಾಟಕ ನಿಂತಾಗ ಅವಳ ಚಾಮರಕ್ಕೂ ಕೆಲಸ ತಪ್ಪಿತು. ಅಡಿಗೆ ಮಾಡುತ್ತಾ ಬೇಸರಕ್ಕೆ ಕೋಳಿಯಂತೆ, ಬೀಸುಕಲ್ಲಿನಂತೆ ಸಪ್ಪಳ ಮಾಡುತ್ತಿದ್ದುದನ್ನು ಕೇಳಿದ ಮ್ಯಾನೇಜರು ಅದನ್ನೇ ಒಂದು ಐಟಂ ಮಾಡಿದರು. ಇಳಿಬಿಟ್ಟ ಪರದೆಯ ಹಿಂದೆ ನಿಂತು, ಬಾಯಿ ಮತ್ತು ಒಂದು ಡಬ್ಬಿಯ ಮುಚ್ಚಳ ಇವೆರಡರಿಂದ ಅವಳು ಊರನ್ನೇ ಕರೆತರುತ್ತಿದ್ದಳು: ಏರು ಹತ್ತಲಾರದ ಬಸ್ಸು, ಕರುವನ್ನು ಕರೆಯುವ ಆಕಳು, ಎರಡು ಓಣಿಯಾಚೆಯ ಜಗಳ, ಕೊನೆಗೆ ಮಳೆ. ಮಳೆ ಮುಗಿದ ಮೇಲೆ ಪರದೆ ಎತ್ತುತ್ತಿದ್ದರು, ಅವಳು ಕೈಮುಗಿಯುತ್ತಿದ್ದಳು.

ಪರದೆಯ ಹಿಂದೆ ನಿಂತವಳಿಗೆ ಜನರ ಮುಖ ಕಾಣುವುದಿಲ್ಲ. ಹಾಗಾಗಿ ಪ್ರತಿ ಆಟದ ಮರುದಿನ ಬೆಳಿಗ್ಗೆ, ಅಡಿಗೆಗೆಂದು ಬಳ್ಳೊಳ್ಳಿಯ ಎಸಳು ಬಿಡಿಸುತ್ತಾ, ಯಾರು ಎಲ್ಲಿ ನಕ್ಕರು, ಯಾರು ಹಿಂದಕ್ಕೆ ತಿರುಗಿ ನೋಡಿದರು ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ರೋಣದಲ್ಲಿ ಮಳೆಗೆ ವನ್ಸ್ ಮೋರ್ ಬಂದದ್ದನ್ನು, ಎರೆಹೊಲದ ರೈತನೊಬ್ಬ ಕಣ್ಣು ಮುಚ್ಚಿ ಕೂತದ್ದನ್ನು ಹೇಳಿದಾಗ ಅವಳು ಬಳ್ಳೊಳ್ಳಿ ಬಿಡಿಸುವುದನ್ನೇ ಮರೆತಳು. ನರಗುಂದದಲ್ಲಿ, ಕಾರ್ಡು ಬಂದ ಮರುದಿನ, ಅವಳು ತನ್ನ ಬಗ್ಗೆ ಹೇಳಿಕೊಂಡಳು. ಹುಬ್ಬಳ್ಳಿಗೆ ಕರೆದೊಯ್ಯದಿದ್ದರೆ ತಮ್ಮನ ಮನೆಯೊಂದೇ ಗತಿ. ಆ ತಮ್ಮ ಹಿಂದೊಮ್ಮೆ ಹೇಳಿಕಳಿಸಿದ್ದನಂತೆ.

"ದನಾ ಕಟ್ಟೂ ಕಡೆ ಜಾಗಾ ಐತಿ, ಪಡಸಾಲ್ಯಾಗ ಇಲ್ಲ ಅಂದಾನ. ಆಕಳಾಗಿ ಕೂಗಾಕ ಬರತೈತಿ ನನಗ, ಆಕಳಾಗಿ ಇರಾಕ ಬರಂಗಿಲ್ಲ ತಮ್ಮಾ."

ಹೇಳಿ ತಾನೇ ನಕ್ಕಳು. ನಾನೂ ನಕ್ಕೆ.

ಗಜೇಂದ್ರಗಡದಲ್ಲಿ ಕಂಪನಿಯ ಥೇಟರು ನಮ್ಮ ನೇಕಾರರ ಓಣಿಯ ಕೊನೆಗೇ ಎದ್ದಿತು. ಸುತ್ತಲೂ ತಗಡು, ಮೇಲೂ ತಗಡು. ಮಧ್ಯಾಹ್ನದ ಆಟಕ್ಕೆ ಜನ ಬರಲೊಲ್ಲರು. ಮ್ಯಾನೇಜರು ನನ್ನ ಕೈಗೆ ಪಾಸು ಕೊಟ್ಟು ನಿಮ್ಮ ಓಣಿಯವರನ್ನು ಕರೆದು ತಾ ಎಂದರು. ಬೇಸಿಗೆಯ ಕೊನೆ. ಓಣಿಯುದ್ದಕ್ಕೂ ಹಾಸು ಹಿಗ್ಗಿಸಿದ್ದರು. ಹಾಸೆಂದರೆ ಸೀರೆಯ ಉದ್ದೆಳೆಗಳು. ಅವನ್ನು ಬೀದಿಯಲ್ಲಿ ಗೂಟಕ್ಕೆ ಬಿಗಿದು, ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಬೇಕು. ಒಣಗುವ ಮುನ್ನ ಮಳೆ ಬಿದ್ದರೆ ಗಂಜಿ ತೊಳೆದು, ಎಳೆಗೆ ಎಳೆ ಅಂಟಿ, ಇಡೀ ಮನೆಯ ಹಲವು ದಿನದ ದುಡಿಮೆ ಉಂಡೆಯಾಗುತ್ತದೆ. ಎರಡು ದಿನದ ಹಿಂದೆ ಅಕಾಲದ ಮಳೆ ಹಾಗೆಯೇ ನಾಲ್ಕು ಮನೆಗಳ ಹಾಸು ಕೆಡಿಸಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮನೆಮನೆಗೆ ಹೋಗಿ, ಆಕಾಶದಲ್ಲಿ ಅರಳೆಯಷ್ಟೂ ಮೋಡವಿಲ್ಲ, ಹಾಸು ಒಣಗುವುದರೊಳಗೆ ಬಂದು ನೋಡಿ ಹೋಗಿರಿ ಎಂದು ಒಪ್ಪಿಸಿದೆ. ಅಪ್ಪನೂ ಬಂದ.

ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು ಥೇಟರನ್ನು ಕತ್ತಲೆ ಮಾಡಿದ್ದರು. ಏಳನೆಯ ಐಟಂ ಬಂತು. ಬಸ್ಸಿಗೆ ನಕ್ಕರು, ಆಕಳಿಗೆ ನಕ್ಕರು. ಆಮೇಲೆ ಪರದೆಯ ಹಿಂದೆ ಏನೂ ಇಲ್ಲದಂತಾಗಿ, ಎಲ್ಲೋ ದೂರದಲ್ಲಿ ಒಂದು ಗಾಳಿ ಎದ್ದು, ಯಾರದೋ ಕದ ಬಡಿದು, ಸುಮ್ಮನಾಗಿ, ತಗಡಿನ ಮೇಲೆ ಒಂದು ಹನಿ ಬಿತ್ತು. ಇನ್ನೊಂದು. ಮತ್ತೆ ನಾಲ್ಕು. ನನ್ನ ಪಕ್ಕದ ಮುದುಕ ತಲೆ ಎತ್ತಿ ಮೇಲಿನ ತಗಡು ನೋಡಿದ. "ಹಾಸು" ಎಂದು ಯಾರೋ ಅಂದರು. ಕೂಗಲಿಲ್ಲ, ಬರೀ ಅಂದರು. ಇಡೀ ಓಣಿ ಎದ್ದು ನಿಂತಿತು. ಧೋತರ ಎತ್ತಿಕೊಂಡು, ಕೂಸುಗಳನ್ನು ಬಗಲಲ್ಲಿ ಹಾಕಿಕೊಂಡು, ಒಬ್ಬರನ್ನೊಬ್ಬರು ನೂಕುತ್ತಾ ಗೋಣಿತಟ್ಟು ಸರಿಸಿ ಓಡಿದರು. ಸಂತೆಗೆ ಬಂದಿದ್ದ ಸೂಡಿಯ ಕಡೆಯ ರೈತರು, ಏನೋ ಆಗಿರಬೇಕೆಂದು, ಅವರ ಹಿಂದೆ ಓಡಿದರು. ಪರದೆಯ ಹಿಂದೆ ಮಳೆ ಜೋರಾಗುತ್ತಲೇ ಇತ್ತು. ಅದು ಮುಗಿದು, ವಾಡಿಕೆಯಂತೆ ಪರದೆ ಎತ್ತಿದಾಗ, ಮಲ್ಲವ್ವ ಖಾಲಿ ಚಾಪೆಗಳಿಗೆ ಕೈಮುಗಿದಳು.

ಇಲ್ಲಿ ನಾನು ನಿಲ್ಲಬೇಕು. ಈ ದೃಶ್ಯ ಬಹಳ ಅಚ್ಚುಕಟ್ಟಾಗಿದೆ, ಅಚ್ಚುಕಟ್ಟಾದ ನೆನಪನ್ನು ನಾನು ನಂಬುವುದಿಲ್ಲ. ಯಾರೋ ಅದನ್ನು ತೊಳೆದು ಗಂಜಿ ಹಾಕಿ ಇಸ್ತ್ರಿ ಮಾಡಿರುತ್ತಾರೆ, ಆ ಯಾರೋ ಸಾಮಾನ್ಯವಾಗಿ ನಾವೇ. ಚಾಪೆಗಳು ಪೂರ್ತಿ ಖಾಲಿ ಇದ್ದವೇ? ಇಲ್ಲ. ನಾನಿದ್ದೆ, ಮ್ಯಾನೇಜರಿದ್ದರು, ನಿದ್ದೆ ಹೋಗಿದ್ದವನೊಬ್ಬನಿದ್ದ. ಆ ಮುದುಕ ತಲೆ ಎತ್ತಿದನೋ, ನಾನು ಆಮೇಲೆ ಅವನನ್ನು ತಂದು ಪಕ್ಕದಲ್ಲಿ ಕೂಡಿಸಿದೆನೋ ಹೇಳಲಾರೆ. ಕಲೆ ಸಂಪೂರ್ಣ ಗೆದ್ದ ಕ್ಷಣದಲ್ಲಿ ಚಪ್ಪಾಳೆಗೆ ಜಾಗವಿರುವುದಿಲ್ಲ ಎಂಬಂಥ ಒಂದು ಸುಂದರ ವಾಕ್ಯವನ್ನೂ ಹಲವು ಸಭೆಗಳಲ್ಲಿ ಹೇಳಿ ತಲೆದೂಗಿಸಿಕೊಂಡಿದ್ದೇನೆ. ಆ ವಾಕ್ಯದಿಂದ ಮಲ್ಲವ್ವನಿಗೆ ಒಂದು ಹೊತ್ತಿನ ರೊಟ್ಟಿಯೂ ಆಗಲಿಲ್ಲ.

ಓಡಿದವರು ಮರಳಿ ಬರಲಿಲ್ಲ. ಹೊರಗೆ ರಣರಣ ಬಿಸಿಲು. ಅಷ್ಟು ಜನ ಅಷ್ಟು ಮೂರ್ಖರಾಗಿ ನಡುಬೀದಿಯಲ್ಲಿ ನಿಂತರೆ ಯಾರಿಗೆ ತಾನೇ ತಿರುಗಿ ಬರುವ ಮನಸ್ಸಾದೀತು? ಮ್ಯಾನೇಜರು ಧಾರವಾಡದ ಕಡೆಯವರು, ಹಾಸು ಎಂದರೇನೆಂದು ತಿಳಿಯದವರು. ಮುದುಕಿಯ ಒದರಾಟಕ್ಕೆ ಜನ ಬೇಸತ್ತರು ಎಂದು ಅವರೇ ತೀರ್ಮಾನಿಸಿ ಅವಳಿಗೆ ಅಲ್ಲೇ ಬೈದರು. ಇಡೀ ಕಂಪನಿಯಲ್ಲಿ ಕಾರಣ ಬಲ್ಲವನು ನಾನೊಬ್ಬನೇ.

ಸಂಜೆ ಮನೆಗೆ ಹೋದೆ. ಅಪ್ಪ ಒಣಗಿದ ಹಾಸು ಸುತ್ತುತ್ತಿದ್ದ. ಕಂಪನಿಯವ ಬಂದ ನೋಡ್ರಿ, ಮಳಿಗೆ ಕೊಡಿ ತರಲಿಲ್ಲೇನೋ ಎಂದು ಕಟ್ಟೆಯ ಮೇಲಿನವರು ಹಂಗಿಸಿದರು. ಅಪ್ಪ ಅವರಂತೆ ಸಿಟ್ಟಾಗಿರಲಿಲ್ಲ.

"ಹುಟ್ಟಿದಾಗಿಂದ ಈ ಓಣ್ಯಾಗ ಅದೀನಿ, ಮಳಿ ಸಪ್ಪಳ ನನಗ ಎಂದೂ ಮೋಸ ಮಾಡಿದ್ದಿಲ್ಲ. ಎಂಥಾ ಹೆಣ್ಮಗಳಪಾ ಆಕಿ" ಎಂದ. ಸುತ್ತಿದ ಹಾಸನ್ನು ಹೆಗಲಿಗೆ ಹಾಕಿಕೊಂಡು, "ಆಕಿಗೆ ಹೇಳ ಇದನ್ನ" ಎಂದ.

ನಾನು ಫಾರಂ ತೆಗೆದು ಕೂತೆ. ಐಟಂ ಏಳು. ಚಪ್ಪಾಳೆ: ಇಲ್ಲ. ವನ್ಸ್ ಮೋರ್: ಇಲ್ಲ. ಎದ್ದು ಹೋದವರು: ಬಹುತೇಕ ಎಲ್ಲರೂ. ಷರಾ ಖಾಲಿ. ಆ ಫಾರಮ್ಮಿನಲ್ಲಿ ಸುಳ್ಳಿನ ಒಂದಕ್ಷರವಿಲ್ಲ. ನನ್ನ ಬದುಕಿನಲ್ಲಿ ನಾನು ಆಡಿದ ದೊಡ್ಡ ಸುಳ್ಳು ಅದೇ. ಏಕೆ ಹಾಗೆ ಮಾಡಿದೆ ಎಂದು ನೀವು ಕೇಳುವಿರಿ. ಮಾಲಕರ ಆಜ್ಞೆ ಎನ್ನಬಹುದು. ನನ್ನ ಓಣಿ, ನನ್ನ ಅಪ್ಪ, ಇದನ್ನು ಬರೆದರೆ ಪಕ್ಷಪಾತವಾಗುತ್ತದೆಂಬ ಒಂದು ಹುಸಿ ನಿಷ್ಠೆಯೂ ಇತ್ತು ಎನ್ನಬಹುದು. ಆದರೆ ತಳಕ್ಕೆ ಕೈ ಹಾಕಿದರೆ ಸಿಕ್ಕುವುದು ಇಷ್ಟೇ: ಆ ಜನರನ್ನು ಪಾಸು ಕೊಟ್ಟು ಕರೆತಂದವನು ನಾನು, ಕಾರಣ ಬರೆದರೆ ಮೊದಲು ಬರುವ ಹೆಸರು ನನ್ನದು.

ಮಾಲಕರ ಉತ್ತರ ನಾಲ್ಕು ದಿನಕ್ಕೆ ಬಂತು. ಕೊಳಲು, ಸೈಕಲ್, ನಾನಾ ಧ್ವನಿ, ಈ ಮೂರನ್ನು ಕೈಬಿಡುವುದು. ಕೆಳಗೆ ನನಗೆಂದು ಒಂದು ಸಾಲು: ವರದಿ ಈಗ ಸ್ವಚ್ಛವಾಗಿದೆ.

ಆ ನಾಲ್ಕು ದಿನ ಬೆಳಗಿನ ಬಳ್ಳೊಳ್ಳಿಯ ಕಡೆ ನಾನು ಸುಳಿಯಲಿಲ್ಲ. ಅವಳೂ ಕರೆಯಲಿಲ್ಲ. ಕಡೆಯ ದಿನ ಅವಳು ರೋಣದ ಬಸ್ಸಿಗೆ ಹೊರಟಳು. ರೋಣದಿಂದ ಮುಂದೆ ಮೆಣಸಗಿಗೆ. ಅವಳ ಟ್ರಂಕನ್ನು ನಾನೇ ಹೊತ್ತುಕೊಂಡು ಹೋಗಿ ಬಸ್ಸಿನ ಮೇಲೇರಿಸಿದೆ ಎಂದು ಹೆಂಡತಿಗೂ ಮಕ್ಕಳಿಗೂ ಹೇಳಿದ್ದೇನೆ. ಟ್ರಂಕು ಹೊತ್ತವನು ಮಂಚ ಎತ್ತುವವನು. ನಾನು ಬರಿಗೈಯಲ್ಲಿ ಹೋದವನು.

ಅವಳು ಕಿಟಕಿಯ ಪಕ್ಕ ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಹಾಗೆ ಮಾಡಲಿಲ್ಲ. ನನ್ನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು:

"ಮಳಿ ಸಪ್ಪಳ ನನಗ ಸರಿ ಕೂಡಲಿಲ್ಲ ನೋಡ ತಮ್ಮಾ. ಅಲ್ಲೇ ಎದ್ದಾರ ಮಂದಿ. ರೋಣದಾಗ ಏನೋ ಪಾಪ ಅಂತ ಕೇಳಿದ್ರು. ಇನ್ನ ಅದನ್ನ ಮಾಡಂಗಿಲ್ಲ ನಾ."

ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟುಬಿಟ್ಟಿತು, ಅಪ್ಪನ ಮಾತು ಹೇಳಲು ಹೊತ್ತೇ ಸಿಗಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಾ ಬಂದೆ. ಬಸ್ಸು ಅರ್ಧವೂ ತುಂಬಿರಲಿಲ್ಲ. ಕಂಡಕ್ಟರು ಚಹಾದಂಗಡಿಯಲ್ಲಿದ್ದ. ಇಡೀ ಒಂದು ಐಟಂ ಮುಗಿಯುವಷ್ಟು ಹೊತ್ತು ಅವಳು ಆ ಕಿಟಕಿಯಲ್ಲಿ, ನಾನು ಅದರ ಕೆಳಗೆ, ಸುಮ್ಮನೆ ಇದ್ದೆವು.