ರಜೆ ಯಾವಾಗ ಹಾಕಲಿ?

ಎಂಬತ್ತರ ದಶಕದಲ್ಲಿ ನಾನು ಕಾಪುವಿನಲ್ಲಿ ವೈದ್ಯೆಯಾಗಿದ್ದೆ. ದುಬೈಯಿಂದ ರಜೆಯಲ್ಲಿ ಬಂದಿದ್ದ ಉಚ್ಚಿಲದ ಯುವಕನೊಬ್ಬ ಹೆಂಡತಿಯನ್ನು ಕರೆತಂದ. ಅವಳಿಗೆ ಮುಟ್ಟು ಯಾವಾಗ ಆಗುತ್ತದೆಂದು ಹೇಳುವಂತಿರಲಿಲ್ಲ, ಕೆಲವೊಮ್ಮೆ ತಿಂಗಳುಗಟ್ಟಲೆ ಆಗುತ್ತಲೇ ಇರಲಿಲ್ಲ. ಮಕ್ಕಳಾಗಿರಲಿಲ್ಲ.

"ಡಾಕ್ಟ್ರೇ, ನಾನು ಯಾವ ತಿಂಗಳು ರಜೆ ಹಾಕಿದರೆ ಒಳ್ಳೆಯದು?" ಎಂದು ಅವನು ತಲೆತಗ್ಗಿಸಿ ಕೇಳಿದ.

"ಅದನ್ನು ಮೊದಲೇ ಹೇಳಲಿಕ್ಕೆ ಆಗುವುದಿಲ್ಲ. ಮದ್ದು ಉಂಟು, ಆದರೆ ನೀವು ಜೊತೆಯಲ್ಲೇ ಇರಬೇಕು" ಎಂದೆ.

"ಮನೆಯಲ್ಲಿ ಎಲ್ಲರೂ ನನ್ನನ್ನೇ ದೂರುತ್ತಾರೆ" ಎಂದು ಅವಳು ಅತ್ತಳು.

ಅವನು ನನ್ನೆದುರೇ ಅವಳ ಕಣ್ಣು ಒರೆಸಿದ. "ಅಳಬೇಡ ಮಾರಾಯ್ತಿ, ನಾನು ಇನ್ನು ಹೋಗುವುದಿಲ್ಲ."

ಹೇಳಿದಂತೆ ಊರಲ್ಲೇ ಸೈಕಲ್ ಅಂಗಡಿ ಹಾಕಿದ. ಮದ್ದು ನಿಧಾನಕ್ಕೆ ಹಿಡಿಯಿತು, ಅವಳು ಬಸುರಿಯಾದಳು. ಹೆರಿಗೆಗೆ ನಾನು ಹೇಳಿದ ದಿನ ಮಾತ್ರ ಪೂರ್ತಿ ತಪ್ಪಿತು. ಮಗಳು ತನಗೆ ಬೇಕಾದಾಗ ಬಂದಳು.